ಆಶ್ಲೇಷ ಮಳೆಗೆ ಮೊದಲು

ಜುಲೈನಲ್ಲಿ ಕೊಡಗಿನ ಇಬ್ಬರು ಬೆಳೆಗಾರರು ಫೋನಿನಲ್ಲಿ ಮಾತಿಗಿಳಿದರೆ ಮೊದಲು ಕೇಳಿಕೊಳ್ಳುವುದು ‘ನಿಮ್ಮಲ್ಲಿ ಎಷ್ಟು?’ ಅಂತ. ಏನು ಎಷ್ಟು ಎಂದು ಯಾರೂ ಬಿಡಿಸಿ ಹೇಳುವುದಿಲ್ಲ. ‘ನಾಲ್ಕು ಇಂಚು ಇಪ್ಪತ್ತು ಸೆಂಟು’ ಎಂದು ಉತ್ತರ ಬರುತ್ತದೆ. ನೂರು ಸೆಂಟಿಗೆ ಒಂದು ಇಂಚು, ಒಂದು ಇಂಚಿಗೆ 25.4 ಮಿಲಿಮೀಟರ್. ತೋಟದ ಮನೆಗಳಲ್ಲಿ ಮಳೆಮಾಪಕ ಇರುತ್ತದೆ, ಜೊತೆಗೆ ದಿನದಿನದ ಲೆಕ್ಕ ಬರೆದಿಡುವ ಒಂದು ಪುಸ್ತಕ. ಕೊಡಗಿಗೆ ಹೊಸದಾಗಿ ಬಂದು ನೆಲೆಸುವವರು ಸೋಫಾ, ಟಿವಿಗಿಂತ ಮೊದಲು ಕೊಳ್ಳಬೇಕಾದದ್ದು ಇದನ್ನೇ ಎಂಬುದು ನನ್ನ ಅಭಿಪ್ರಾಯ. ಮಾಪಕವನ್ನು ಮರದಡಿಯಲ್ಲೋ ಮಾಡಿನ ಅಂಚಿನಲ್ಲೋ ಇಟ್ಟರೆ ಲೆಕ್ಕ ತಪ್ಪುತ್ತದೆ. ಹತ್ತಿರದ ಮರ ಅಥವಾ ಗೋಡೆ ಎಷ್ಟು ಎತ್ತರವೋ ಅದರ ಎರಡರಷ್ಟಾದರೂ ದೂರದ ಬಯಲಲ್ಲಿ ನೆಡಬೇಕು. ಹವಾಮಾನ ಇಲಾಖೆಯವರು ಬೆಳಿಗ್ಗೆ ಎಂಟೂವರೆಗೆ ಅಳೆಯುತ್ತಾರೆ. ನೀವೂ ಅದೇ ಹೊತ್ತಿಗೆ ಅಳೆದರೆ ನಿಮ್ಮ ಅಂಗಳದ ಮಳೆಯನ್ನು ಸರಕಾರದ ಅಂಕಿಯ ಪಕ್ಕದಲ್ಲಿಟ್ಟು ನೋಡಬಹುದು.

ಹಾಗೆ ನೋಡಬೇಕಾದ ಅಗತ್ಯ ಇಲ್ಲಿ ಬೇರೆಡೆಗಿಂತ ಹೆಚ್ಚು. ‘ಕೊಡಗಿನಲ್ಲಿ ಭಾರಿ ಮಳೆ’ ಎಂಬ ಸುದ್ದಿ ಯಾವ ಊರಿಗೂ ಸರಿಯಾಗಿ ಹೊಂದುವುದಿಲ್ಲ. ಭಾಗಮಂಡಲದಿಂದ ಮಡಿಕೇರಿ ಮೇಲೆ ಕುಶಾಲನಗರಕ್ಕೆ ಹೆಚ್ಚೆಂದರೆ 70 ಕಿಲೋಮೀಟರ್ ದಾರಿ. ಆ ಕೊನೆಯಲ್ಲಿ ವರ್ಷಕ್ಕೆ 5,000 ಮಿಲಿಮೀಟರ್ ದಾಟುವ ಮಳೆ, ಈ ಕೊನೆಯಲ್ಲಿ ಸುಮಾರು 1,000 ಮಿಲಿಮೀಟರ್. ಅರಬ್ಬಿ ಸಮುದ್ರದಿಂದ ಬರುವ ಗಾಳಿ ಬ್ರಹ್ಮಗಿರಿ, ಪುಷ್ಪಗಿರಿ ಸಾಲಿಗೆ ತಾಗಿ ಮೇಲೇರುತ್ತದೆ, ತಣ್ಣಗಾಗುತ್ತದೆ, ಹೊತ್ತು ತಂದ ನೀರನ್ನು ಅಲ್ಲೇ ಇಳಿಸುತ್ತದೆ. ಮೂಡಣಕ್ಕೆ ಸರಿದಂತೆ ಉಳಿಯುವುದು ಅಳಿದುಳಿದದ್ದು. ಹಾಗಾಗಿ ಕುಶಾಲನಗರದಲ್ಲಿ ಮನೆ ಮಾಡಿದವರಿಗೆ ಹೇಳುವ ಮಾತು ಮಾಕುಟ್ಟದವರಿಗೆ, ಗಾಳಿಬೀಡಿನವರಿಗೆ ಒಪ್ಪುವುದಿಲ್ಲ. ಈ ಬರಹದ ಬಹುಪಾಲು ಪಡುವಣ ಕೊಡಗಿನ ಇಳಿಜಾರುಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದು.

ಒಂದು ಲೆಕ್ಕವನ್ನು ಮಾತ್ರ ಎಲ್ಲರೂ ಬಾಯಿಪಾಠ ಮಾಡಿಕೊಳ್ಳಬೇಕು. ಒಂದು ಎಕರೆಯ ಮೇಲೆ ಒಂದು ಇಂಚು ಮಳೆ ಬಿದ್ದರೆ ಹೆಚ್ಚುಕಡಿಮೆ ಒಂದು ಲಕ್ಷ ಲೀಟರ್ ನೀರು. ಸಾವಿರ ಚದರಡಿಯ ಮಾಡಿನ ಮೇಲೆ ಅದೇ ಒಂದು ಇಂಚು ಅಂದರೆ ಸುಮಾರು 2,360 ಲೀಟರ್. ದಿನಕ್ಕೆ 204.4 ಮಿಲಿಮೀಟರ್ ದಾಟಿದರೆ ಇಲಾಖೆ ಅದನ್ನು ಅತ್ಯಂತ ಭಾರಿ ಮಳೆ ಎನ್ನುತ್ತದೆ. ಅದು ನಮ್ಮ ಲೆಕ್ಕದಲ್ಲಿ ಎಂಟು ಇಂಚು. ಐದು ಎಕರೆ ಇಳಿಜಾರು ತೋಟದ ಕೆಳಗೆ ನಿಮ್ಮ ಮನೆ ಇದೆ ಅನ್ನಿ. ಅಂಥ ಒಂದು ದಿನ ಮನೆಯ ಮೇಲ್ಗಡೆ ಬೀಳುವ ನೀರು 40 ಲಕ್ಷ ಲೀಟರ್. ಅದು ಯಾವ ದಾರಿಯಲ್ಲಿ ಇಳಿದು ತೋಡು (ಹಳ್ಳ) ಸೇರುತ್ತದೆ ಎಂದು ಮನೆಯವರಲ್ಲಿ ಒಬ್ಬರಾದರೂ ಬೆರಳು ಮಾಡಿ ತೋರಿಸುವಂತಿರಬೇಕು. ಮಳೆಗಾಲದ ತಯಾರಿ ಎಂದರೆ ಮುಖ್ಯವಾಗಿ ಇಷ್ಟೇ. ಕೊಡೆ, ಗಂಬೂಟು, ಟಾರ್ಪಾಲುಗಳೆಲ್ಲ ಆಮೇಲಿನವು.

ಮಳೆನಕ್ಷತ್ರಗಳ ಲೆಕ್ಕ ಹಿಡಿದು ನೋಡಿದರೆ ಇನ್ನೊಂದು ಸಂಗತಿ ತಿಳಿಯುತ್ತದೆ. ಜೂನ್ ಎರಡನೇ ವಾರ ಹಿಡಿಯುವ ಮೃಗಶಿರದಿಂದ ಆರಿದ್ರ, ಪುನರ್ವಸು, ಪುಷ್ಯ ದಾಟಿ ಆಗಸ್ಟ್ ಮೂರರ ಹೊತ್ತಿಗೆ ಆಶ್ಲೇಷ ಬರುತ್ತದೆ. ‘ಆಶ್ಲೇಷ ಮಳೆ ಈಸಲಾರದ ಹೊಳೆ’ ಎಂಬ ಗಾದೆ ಕೇಳಿರುತ್ತೀರಿ. ಕೊಡಗಿನ ಇತ್ತೀಚಿನ ದೊಡ್ಡ ದುರಂತಗಳ ತಾರೀಕುಗಳನ್ನು ಈ ಪಟ್ಟಿಯ ಪಕ್ಕದಲ್ಲಿಟ್ಟು ನೋಡಿ. 2018ರ ಆಗಸ್ಟ್ 16, 17ರಂದು ಮಕ್ಕಂದೂರು, ಮುಕ್ಕೋಡ್ಲು, ಹೆಬ್ಬೆಟ್ಟಗೇರಿ, ಜೋಡುಪಾಲ, ಮೊಣ್ಣಂಗೇರಿ ಕಡೆ ಗುಡ್ಡಗಳು ಜಾರಿದ್ದು ಆಶ್ಲೇಷ ಮುಗಿದು ಮಘೆ ಹಿಡಿಯುವ ಸಂಧಿಯಲ್ಲಿ. 2019ರಲ್ಲಿ ತೋರ ಮತ್ತು ಕೋರಂಗಾಲದ ಕುಸಿತ ಆಗಸ್ಟ್ 9ಕ್ಕೆ. 2020ರಲ್ಲಿ ತಲಕಾವೇರಿಯ ಬೆಟ್ಟ ಜಾರಿದ್ದು ಆಗಸ್ಟ್ 6ರ ನಸುಕಿನಲ್ಲಿ. ಮೂರು ವರ್ಷವೂ ಅದೇ ಹದಿನೈದು ದಿನ. ಕಾರಣ ಮಣ್ಣಿನೊಳಗಿದೆ. ಜೂನಿನ ಮಳೆಯನ್ನು ಒಣಗಿದ ನೆಲ ಕುಡಿಯುತ್ತದೆ, ಜುಲೈನ ಮಳೆ ತೇವದ ನೆಲವನ್ನು ತುಂಬಿಸುತ್ತದೆ. ಆಗಸ್ಟ್ ಬರುವಾಗ ಮಣ್ಣಿನ ಕಣಗಳ ನಡುವೆ ಗಾಳಿಗೆ ಇದ್ದ ಜಾಗವೆಲ್ಲ ನೀರಾಗಿರುತ್ತದೆ. ಒಳಗಿನ ನೀರು ಕಣಗಳನ್ನು ಒಂದರಿಂದೊಂದು ದೂಡುತ್ತದೆ, ಅವುಗಳ ಹಿಡಿತ ಸಡಿಲುತ್ತದೆ, ಮಣ್ಣಿನ ಭಾರವೂ ಏರಿರುತ್ತದೆ. ಜೂನಿನಲ್ಲಿ ಏನೂ ಮಾಡದ ಹತ್ತು ಇಂಚು ಆಗಸ್ಟಿನಲ್ಲಿ ಗುಡ್ಡವನ್ನೇ ಇಳಿಸಬಲ್ಲದು. ಆದ್ದರಿಂದ ಪುಸ್ತಕದಲ್ಲಿ ದಿನದ ಮಳೆಯ ಪಕ್ಕ ಜೂನ್ ಒಂದರಿಂದ ಕೂಡುತ್ತ ಬಂದ ಮೊತ್ತವನ್ನೂ ಬರೆಯಿರಿ. ಎಚ್ಚರ ಹೇಳುವುದು ಆ ಎರಡನೇ ಸಾಲು.

ಇನ್ನು ಬರೆಯ, ಅಂದರೆ ಗುಡ್ಡ ಕಡಿದಾಗ ಉಳಿಯುವ ಮಣ್ಣಿನ ಗೋಡೆಯ ಮಾತು. ಕೊಡಗಿನಲ್ಲಿ ಸಮತಟ್ಟು ಜಾಗ ಕಡಿಮೆ. ಮನೆ ಕಟ್ಟಲು ಇಳಿಜಾರನ್ನು ಕಡಿಯುತ್ತಾರೆ. ಹಿಂದುಗಡೆ ನೆಟ್ಟಗೆ ನಿಂತ ಬರೆ ಉಳಿಯುತ್ತದೆ, ಕಡಿದ ಮಣ್ಣನ್ನು ಮುಂದೆ ಸುರಿದರೆ ಅಂಗಳವಾಗುತ್ತದೆ. ಈ ಎರಡೂ ಆ ಜಾಗದ ದುರ್ಬಲ ಭಾಗಗಳು. ಸುರಿದ ಮಣ್ಣು ಎಷ್ಟು ವರ್ಷವಾದರೂ ಹುಟ್ಟು ನೆಲದಂತೆ ಗಟ್ಟಿಯಾಗುವುದಿಲ್ಲ. ಮನೆಗೂ ಬರೆಗೂ ನಡುವೆ ಬರೆಯ ಎತ್ತರದಷ್ಟಾದರೂ ಬಯಲು ಬಿಡಬೇಕು. ಹತ್ತು ಅಡಿ ಬರೆಯ ಬುಡದಿಂದ ಮೂರು ಅಡಿಗೆ ಅಡುಗೆಮನೆಯ ಗೋಡೆ ಎಬ್ಬಿಸಿದ ಮನೆಗಳನ್ನು ಮಡಿಕೇರಿಯ ಬಡಾವಣೆಗಳಲ್ಲಿ ಈಗಲೂ ಕಾಣಬಹುದು. ಅಂಥ ಮನೆಯಲ್ಲಿದ್ದರೆ ಜುಲೈ, ಆಗಸ್ಟಿನಲ್ಲಿ ಬರೆಯ ಪಕ್ಕದ ಕೋಣೆಯಲ್ಲಿ ಯಾರೂ ಮಲಗಕೂಡದು. ಇದಕ್ಕೆ ಖರ್ಚಿಲ್ಲ, ಹಾಸಿಗೆ ಎತ್ತಿಕೊಂಡು ಈಚೆ ಕೋಣೆಗೆ ಬರಬೇಕು, ಅಷ್ಟೆ.

ಬರೆಗೆ ಮಾಡಬೇಕಾದ ಕೆಲಸ ಮೇಲಿನಿಂದ ಶುರು. ಬರೆಯ ಅಂಚಿನಿಂದ ನಾಲ್ಕೈದು ಅಡಿ ಹಿಂದೆ, ಇಳಿಜಾರಿಗೆ ಅಡ್ಡವಾಗಿ ಒಂದು ಚರಂಡಿ ಇರಬೇಕು. ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಆಳ ಸಾಮಾನ್ಯ ಮನೆಗೆ ಸಾಕು. ನೂರು ಅಡಿಗೆ ಒಂದು ಅಡಿ ಇಳಿತ ಕೊಡಿ. ಅದಕ್ಕಿಂತ ಚಪ್ಪಟೆಯಾದರೆ ಹೂಳು ಕೂರುತ್ತದೆ, ತುಂಬ ಇಳಿತ ಕೊಟ್ಟರೆ ನೀರು ಚರಂಡಿಯ ತಳವನ್ನೇ ಕೊರೆಯುತ್ತದೆ. ಇಳಿತ ನೋಡಲು ಗಾರೆಯವರು ಬಳಸುವ ನೀರು ತುಂಬಿದ ಪಾರದರ್ಶಕ ಪೈಪು ಸಾಕು. ಮಣ್ಣು ಸಡಿಲವಿದ್ದಲ್ಲಿ ಚರಂಡಿಯನ್ನು ಮಣ್ಣಿನದಾಗಿಯೇ ಬಿಟ್ಟರೆ ಕೇಡು ಹೆಚ್ಚು, ಯಾಕೆಂದರೆ ಹರಿಯುವ ನೀರು ಬರೆಯ ನೆತ್ತಿಯಲ್ಲೇ ಇಂಗಿ ಒಳಗೆ ಇಳಿಯುತ್ತದೆ. ಅಲ್ಲಿ ಕಲ್ಲು ಅಥವಾ ಕಾಂಕ್ರೀಟು ಹಾಸಲೇಬೇಕು. ಚರಂಡಿಯ ಕೊನೆ ಎಲ್ಲಿಗೆ ಎಂಬುದು ಎಲ್ಲಕ್ಕಿಂತ ದೊಡ್ಡ ಪ್ರಶ್ನೆ. ನೀರನ್ನು ತೋಡಿಗೆ ಮುಟ್ಟಿಸದೆ ನೆರೆಯವರ ಬರೆಯ ಮೇಲೆ ಬಿಟ್ಟು ಕೈತೊಳೆದುಕೊಳ್ಳುವುದು ಅನ್ಯಾಯ. ತೋಟದ ಕೆಲಸದವರು ಇರುವ ಲೈನ್ ಮನೆಗಳ ವಿಷಯದಲ್ಲಿ ಇದು ಹೆಚ್ಚು ನಡೆಯುತ್ತದೆ. ಮಾಲೀಕರ ಅಂಗಳದ ನೀರು ಕೆಲಸದವರ ಲೈನಿನ ಹಿಂದೆ ಬಂದು ನಿಲ್ಲುತ್ತದೆ. ಮೇ ತಿಂಗಳಲ್ಲಿ ಪರಿಶೀಲನೆಗೆ ಹೊರಟ ತೋಟದವರು ಲೈನ್ ಮನೆಗಳನ್ನು ಮೊದಲು ನೋಡಬೇಕು, ಬಂಗಲೆಯನ್ನು ಕೊನೆಗೆ.

ತಡೆಗೋಡೆ ಕಟ್ಟಿಸಿದವರು ನಿಶ್ಚಿಂತರಾಗುವುದು ಬೇಡ. ಗೋಡೆ ಬೀಳುವುದು ಮಣ್ಣಿನ ಒತ್ತಡಕ್ಕಿಂತ ಹೆಚ್ಚಾಗಿ ಅದರ ಹಿಂದೆ ನಿಂತ ನೀರಿನ ಒತ್ತಡದಿಂದ. ಐದಾರು ಅಡಿಗೊಂದರಂತೆ ಮೂರು ಇಂಚಿನ ಪೈಪು ಹೊರಕ್ಕೆ ಸ್ವಲ್ಪ ಬಾಗಿಸಿ ಇಟ್ಟಿರಬೇಕು, ಪೈಪಿನ ಹಿಂದೆ ಜಲ್ಲಿ ತುಂಬಿರಬೇಕು. ಜಲ್ಲಿ ಇಲ್ಲದಿದ್ದರೆ ಎರಡೇ ಮಳೆಗಾಲಕ್ಕೆ ಪೈಪಿನೊಳಗೆ ಮಣ್ಣು ಕಟ್ಟಿಕೊಳ್ಳುತ್ತದೆ. ಮೇ ತಿಂಗಳಲ್ಲಿ ಒಂದು ಉದ್ದ ಸರಳು ತೂರಿಸಿ ಎಲ್ಲ ಪೈಪುಗಳನ್ನೂ ಬಿಡಿಸಿ. ಜುಲೈನ ಜೋರು ಮಳೆಯಲ್ಲಿ ಯಾವ ಪೈಪಿನಿಂದಲೂ ನೀರು ಬಾರದಿದ್ದರೆ ಅದು ಒಳ್ಳೆಯ ಲಕ್ಷಣ ಅಲ್ಲ. ಗೋಡೆ ಕಟ್ಟಲು ಹಣವಿಲ್ಲದವರಿಗೆ ಲಾವಂಚ ಇದೆ. ಜೂನ್ ಮೊದಲ ಮಳೆಗೆ ಬರೆಗೆ ಅಡ್ಡಡ್ಡ ಸಾಲು ಮಾಡಿ, ಬುಡದಿಂದ ಬುಡಕ್ಕೆ ಒಂದು ಗೇಣಿಗಿಂತ ಕಡಿಮೆ ಅಂತರದಲ್ಲಿ ನೆಟ್ಟರೆ ಬೇರು ನೇರ ಕೆಳಕ್ಕೆ ಇಳಿದು ಮೇಲ್ಮಣ್ಣನ್ನು ಹಿಡಿದುಕೊಳ್ಳುತ್ತದೆ. ಆಳದಿಂದ ಜಾರುವ ಗುಡ್ಡವನ್ನು ಲಾವಂಚ ನಿಲ್ಲಿಸದು. ಮೇಲ್ಮೈ ಸವೆತಕ್ಕೆ ಅದು ಮದ್ದು, ಅಷ್ಟರ ಮಟ್ಟಿಗೆ ನಂಬಬಹುದು. ಬರೆಗೆ ಟಾರ್ಪಾಲು ಹೊದಿಸುವುದಿದ್ದರೆ ಅದರ ಮೇಲಿನ ಅಂಚನ್ನು ನೆತ್ತಿಯ ಚರಂಡಿಯಿಂದಲೂ ಹಿಂದಕ್ಕೆ ಒಯ್ದು ಮಣ್ಣಲ್ಲಿ ಹೂಳಿ. ನೆತ್ತಿಯಲ್ಲಿ ಕಲ್ಲು ಹೇರಿ ಬಿಟ್ಟರೆ ನೀರು ಹಾಳೆಯ ಅಡಿಗೆ ನುಗ್ಗಿ, ಕಣ್ಣಿಗೆ ಕಾಣದಂತೆ ಒಳಗೊಳಗೇ ಕೊರೆಯುತ್ತದೆ.

ಗದ್ದೆಯ ಬಗ್ಗೆ ಹೇಳದೆ ಮುಂದೆ ಹೋಗಲಾರೆ. ನಾಟಿಗೆ ಅಣಿಯಾದ ಒಂದು ಎಕರೆ ಗದ್ದೆಯಲ್ಲಿ ನಾಲ್ಕು ಇಂಚು ನೀರು ನಿಂತರೆ ನಾಲ್ಕು ಲಕ್ಷ ಲೀಟರ್. ತೋಡಿನ ಎರಡೂ ಬದಿಗೆ ಹಬ್ಬಿದ ಗದ್ದೆಬಯಲುಗಳು ಬೆಟ್ಟದ ನೀರನ್ನು ಮೊದಲು ಹಿಡಿದಿಟ್ಟು, ನಿಧಾನವಾಗಿ ಬಿಟ್ಟುಕೊಡುತ್ತಿದ್ದವು. ಹಳೆಯ ಐನ್‌ಮನೆಗಳು (ಕೊಡವ ಕುಟುಂಬಗಳ ಮೂಲಮನೆಗಳು) ಗದ್ದೆಯನ್ನು ನೋಡಿಕೊಂಡು ದಿಬ್ಬದ ಮೇಲೆ ಕೂತಿರುವುದನ್ನು ಗಮನಿಸಿ. ಗದ್ದೆಗೆ ಮಣ್ಣು ತುಂಬಿಸಿ ನಿವೇಶನ ಮಾಡಿದಾಗ ಆ ನೀರು ಹೋಗುವ ಜಾಗ ಕಳೆದುಕೊಳ್ಳುತ್ತದೆ, ಮಳೆಯೇನೂ ಕಡಿಮೆಯಾಗುವುದಿಲ್ಲ. ನಿವೇಶನ ಕೊಳ್ಳುವವರು ಅಕ್ಕಪಕ್ಕದ ಹಿರಿಯರನ್ನು ‘ಇಲ್ಲಿ ಮೊದಲು ಏನಿತ್ತು?’ ಎಂದು ಕೇಳಬೇಕು. ಗದ್ದೆ ಎಂಬ ಉತ್ತರ ಬಂದರೆ ಬೆಲೆ ಎಷ್ಟೇ ಕಡಿಮೆ ಇದ್ದರೂ ಬಿಟ್ಟುಬಿಡಿ ಎನ್ನುವವಳು ನಾನು.

ಮಾಡಿನ ಕೆಲಸಕ್ಕೆ ಏಪ್ರಿಲ್ ಸರಿಯಾದ ತಿಂಗಳು. ಮೇ ಕೊನೆಗೆ ಹೆಂಚು ಕೆಲಸದವರು ಸಿಗುವುದಿಲ್ಲ, ಸಿಕ್ಕರೂ ನೆನೆದ ಹೆಂಚಿನ ಮೇಲೆ ಹತ್ತುವುದು ಅಪಾಯ. ಮಂಗಳೂರು ಹೆಂಚಿನ ಮಾಡು 30 ಡಿಗ್ರಿಗಿಂತ ಚಪ್ಪಟೆಯಾಗಿದ್ದರೆ ಪಡುಗಾಳಿ ನೀರನ್ನು ಸಂದಿಯಿಂದ ಒಳಗೆ ನೂಕುತ್ತದೆ. ಹೆಚ್ಚಿನ ಸೋರಿಕೆ ಒಡೆದ ಹೆಂಚಿನಿಂದ ಆಗುವುದಿಲ್ಲ. ಮಂಗ ಓಡಾಡಿ ಸರಿಸಿದ ಹೆಂಚು, ಎರಡು ಮಾಡು ಸೇರುವ ಮೂಲೆಯ ತಗಡಿನಲ್ಲಿ ಕೂತ ಸಿಲ್ವರ್ ಓಕ್ ಎಲೆ, ಮಾಡಿನ ತುದಿಯಲ್ಲಿ ಬಿರುಕು ಬಿಟ್ಟ ಗಾರೆ, ಈ ಮೂರನ್ನು ಸರಿಮಾಡಿದರೆ ಅರ್ಧ ಸಮಸ್ಯೆ ಮುಗಿಯಿತು. ರೀಪು ಕೊಳೆತಿದೆಯೋ ನೋಡಲು ಒಳಗಿನಿಂದ ಚಾಕುವಿನ ಮೊನೆ ಒತ್ತಿ ನೋಡಿ, ಸಲೀಸಾಗಿ ಇಳಿದರೆ ಬದಲಿಸಬೇಕು. ಐವತ್ತು ಹೆಂಚು ಹೆಚ್ಚಿಗೆ ತಂದು ಕೊಟ್ಟಿಗೆಯಲ್ಲಿಡಿ. ಹೆಂಚಿನ ಕಾರ್ಖಾನೆಗಳ ಅಚ್ಚುಗಳಲ್ಲಿ ಸಣ್ಣ ವ್ಯತ್ಯಾಸ ಇರುವುದರಿಂದ ನಿಮ್ಮದೇ ಜಾತಿಯ ಹೆಂಚು ಬೇಕಾಗುತ್ತದೆ, ಬೇರೆಯದು ಕೂತಂತೆ ಕಂಡರೂ ಸಂದಿ ಬಿಡುತ್ತದೆ. ಮನೆಗೆ ಬಾಗಿದ ಮರ, ಕೊಂಬೆ ತೆಗೆಸುವುದೂ ಇದೇ ಸಮಯಕ್ಕೆ. ಮರ ಕಡಿಯಲು ಅರಣ್ಯ ಇಲಾಖೆಯ ಅನುಮತಿ ಬೇಕಾಗುವುದರಿಂದ ಅರ್ಜಿ ಬೇಗ ಹಾಕಿ.

ಸೌದೆಯ ಬಗ್ಗೆ ಎರಡು ಮಾತು. ಕಾಫಿ ಗಿಡದ ಬುಡ, ಮರ ಕಪಾತಿನಲ್ಲಿ (ನೆರಳು ಮರ ಸವರುವಾಗ) ಸಿಕ್ಕ ಕೊಂಬೆಗಳನ್ನು ಫೆಬ್ರವರಿಯಲ್ಲೇ ಸೀಳಿ, ಬಿಸಿಲಿಗೆ ಒಣಗಿಸಿ, ಮೇ ನಡುವಿಗೆ ಸೌದೆ ಕೊಟ್ಟಿಗೆಗೆ ಸೇರಿಸಬೇಕು. ಕೊಟ್ಟಿಗೆಯ ಪಡುವಣ ಬದಿ ಮುಚ್ಚಿರಲಿ, ಮೂಡಣ ಬದಿ ತೆರೆದಿರಲಿ. ಸೋಲಾರ್ ಹೀಟರು ಜುಲೈನಲ್ಲಿ ಲೆಕ್ಕಕ್ಕಿಲ್ಲ, ಕರೆಂಟು ವಾರಗಟ್ಟಲೆ ಬಾರದಿರಬಹುದು. ಬಿಸಿನೀರಿಗೆ ಹಂಡೆಯೊಲೆಯೇ ಗತಿ.

ತೋಟದಲ್ಲಿ ಕೆಲಸ ಇನ್ನೂ ಸೂಕ್ಷ್ಮ. ಜೂನಿನಿಂದ ಆಗಸ್ಟಿನವರೆಗೆ ಕಾಫಿ ಗಿಡಕ್ಕೆ ಬಿಸಿಲು ಸಿಗುವುದು ಅಪರೂಪ, ಎಲೆ ಆರುವುದೇ ಇಲ್ಲ. ಅದಕ್ಕೇ ಮಳೆ ಹಿಡಿಯುವ ಮೊದಲು ಮರ ಕಪಾತು ಮುಗಿಸಿ ಬೆಳಕು, ಗಾಳಿ ಇಳಿಯುವಂತೆ ಮಾಡುವುದು. ಗಿಡದ ನೆತ್ತಿ ಬಿಡಿಸಿ, ಒಳಗಿನ ಅಡ್ಡಾದಿಡ್ಡಿ ಚಿಗುರು ತೆಗೆಯಬೇಕು. ಇದನ್ನು ಬಿಟ್ಟ ತೋಟದಲ್ಲಿ ಜುಲೈ ಹೊತ್ತಿಗೆ ಕೊಳೆರೋಗ ಕಾಣುತ್ತದೆ. ಎಲೆ ಕಪ್ಪಾಗಿ, ಕೊಂಬೆಯಿಂದ ಕಳಚಿದರೂ ನೆಲಕ್ಕೆ ಬೀಳದೆ ಶಿಲೀಂಧ್ರದ ನೂಲಿನಲ್ಲಿ ನೇತಾಡುತ್ತಿರುತ್ತದೆ. ಹಾಗೆ ನೇತಾಡುವ ಎಲೆಯೇ ರೋಗದ ಗುರುತು. ಕಂಡ ಕೂಡಲೇ ರೋಗ ತಗುಲಿದ ಭಾಗವನ್ನು ಕತ್ತರಿಸಿ, ಚೀಲದಲ್ಲಿ ತುಂಬಿ ತೋಟದಿಂದ ಹೊರಗೊಯ್ದು ಹೂಳಬೇಕು ಅಥವಾ ಸುಡಬೇಕು. ನೆರಳು ಮರದಿಂದ ಉದುರಿ ಗಿಡದ ಮೇಲೆ ಕೂತ ಎಲೆಗಳನ್ನೂ ಕೈಯಾಡಿಸಿ ಬೀಳಿಸಬೇಕು, ರೋಗ ಹಿಡಿಯುವುದು ಆ ಒದ್ದೆ ಮುದ್ದೆಯ ಅಡಿಯಲ್ಲಿ.

ಮೈಲುತುತ್ತು, ಸುಣ್ಣ ಕಲಸಿದ ಬೋರ್ಡೋ ಮದ್ದು ಹೊಡೆಯುವುದನ್ನು ಬಹಳ ಮಂದಿ ಕಾಟಾಚಾರಕ್ಕೆ ಮಾಡುತ್ತಾರೆ, ಆಮೇಲೆ ಮದ್ದು ಕೆಲಸ ಮಾಡಲಿಲ್ಲ ಎನ್ನುತ್ತಾರೆ. ಎಲೆ ತುಕ್ಕಿಗೆ ಶೇಕಡಾ ಅರ್ಧದ ದ್ರಾವಣ ಸಾಕು. 200 ಲೀಟರ್ ಬ್ಯಾರಲಿಗೆ ಒಂದು ಕೆಜಿ ಮೈಲುತುತ್ತು, ಒಂದು ಕೆಜಿ ಸುಣ್ಣ. ಕೊಳೆರೋಗಕ್ಕೆ, ಮೆಣಸಿನ ಬಳ್ಳಿಗೆ ಶೇಕಡಾ ಒಂದು ಬೇಕು, ಅಂದರೆ ಎರಡೂ ಎರಡೆರಡು ಕೆಜಿ. ಮೈಲುತುತ್ತನ್ನು ಗೋಣಿಬಟ್ಟೆಯಲ್ಲಿ ಕಟ್ಟಿ ನೀರಿನ ಮೇಲ್ಭಾಗದಲ್ಲಿ ತೂಗುಬಿಟ್ಟರೆ ಬೇಗ ಕರಗುತ್ತದೆ. ಕಬ್ಬಿಣದ ಪಾತ್ರೆ ಬೇಡ, ತಾಮ್ರ ಅದಕ್ಕೆ ಹತ್ತಿಕೊಂಡು ದ್ರಾವಣ ಕೆಡುತ್ತದೆ. ಸುಣ್ಣವನ್ನು ಬೇರೆ ಪಾತ್ರೆಯಲ್ಲಿ ಅರಳಿಸಿ, ಸೋಸಿ. ಸೋಸದಿದ್ದರೆ ಪಂಪಿನ ತುದಿ ಅರ್ಧ ತಾಸಿಗೊಮ್ಮೆ ಕಟ್ಟುತ್ತದೆ. ಎರಡೂ ತಣ್ಣಗಿರುವಾಗ ತುತ್ತಿನ ನೀರನ್ನು ಸುಣ್ಣದ ನೀರಿಗೆ ನಿಧಾನವಾಗಿ ಸುರಿಯುತ್ತ, ಕೋಲಿನಿಂದ ಕಲಕುತ್ತ ಹೋಗಬೇಕು. ಸುಣ್ಣವನ್ನು ತುತ್ತಿಗೆ ಸುರಿದರೆ ಕಣ ದಪ್ಪವಾಗಿ ತಳ ಸೇರುತ್ತದೆ. ಒಂದು ಹೊಳೆಯುವ ಕಬ್ಬಿಣದ ಚಾಕುವನ್ನು ಸ್ವಲ್ಪ ಹೊತ್ತು ಅದ್ದಿ ತೆಗೆಯಿರಿ, ಕೆಂಪು ಲೇಪ ಕೂತಿದ್ದರೆ ಸುಣ್ಣ ಸಾಲದು ಎಂದರ್ಥ, ಎಲೆ ಸುಡುತ್ತದೆ. ಕಲಸಿದ್ದನ್ನು ಅದೇ ದಿನ ಮುಗಿಸಬೇಕು, ನಾಳೆಗೆ ಇಟ್ಟದ್ದು ಎಲೆಗೆ ಅಂಟದು. ಹೊಡೆಯುವಾಗ ಎಲೆಯ ಅಡಿಭಾಗ ತೋಯಬೇಕು, ತುಕ್ಕಿನ ಶಿಲೀಂಧ್ರ ಒಳಹೊಗುವುದು ಅಡಿಯ ಉಸಿರಾಟದ ರಂಧ್ರಗಳಿಂದ. ಮೇಲಿನಿಂದ ನೀಲಿ ಬಳಿದಂತೆ ಹೊಡೆದರೆ ಗಿಡ ಚೆನ್ನಾಗಿ ಕಾಣುತ್ತದೆ, ಅಷ್ಟೇ.

ಮೆಣಸಿನ ಶೀಘ್ರ ಸೊರಗು ರೋಗ ಮಣ್ಣಿನಿಂದ ಎಲೆಗೆ ಚಿಮ್ಮುವ ನೀರಿನಲ್ಲಿ ಬರುತ್ತದೆ. ನೆಲದಲ್ಲಿ ಹರಿದಾಡುವ ಬಳ್ಳಿಗಳನ್ನು ಮೇ ತಿಂಗಳಲ್ಲೇ ಕತ್ತರಿಸಿ ಅಥವಾ ಮರಕ್ಕೆ ಎತ್ತಿ ಕಟ್ಟಿ. ಬುಡದಲ್ಲಿ ನೀರು ನಿಲ್ಲದಂತೆ ಮಣ್ಣು ಏರಿಸಿ. ಒಂದು ಬಳ್ಳಿ ಹಳದಿಯಾಗಿ ಜೋತು ಬಿದ್ದರೆ ಅದನ್ನು ಉಳಿಸುವ ಪ್ರಯತ್ನಕ್ಕಿಂತ ಸುತ್ತಲಿನ ಬಳ್ಳಿಗಳ ಬುಡಕ್ಕೆ ಮದ್ದು ಸುರಿಯುವುದು ಲಾಭ. ಆ ಬುಡ ಮುಟ್ಟಿದ ಗುದ್ದಲಿಯನ್ನು ತೊಳೆಯದೆ ಬೇರೆ ಬಳ್ಳಿಗೆ ಒಯ್ಯಬೇಡಿ.

ತೊಟ್ಟಿಲು ಗುಂಡಿಗಳ ವಿಷಯದಲ್ಲಿ ಮೂಡಣ ಮತ್ತು ಪಡುವಣ ಕೊಡಗು ಒಂದೇ ನಿಯಮ ಪಾಲಿಸಬಾರದು. ಸೋಮವಾರಪೇಟೆಯ ಮೂಡಣ ಭಾಗದ ತೋಟಕ್ಕೆ ಅವು ವರ. ಒಂದೂವರೆ ಅಡಿ ಅಗಲ, ಅಷ್ಟೇ ಆಳ, ಐದಾರು ಅಡಿ ಉದ್ದದ ಗುಂಡಿ ಇಳಿಜಾರಿಗೆ ಅಡ್ಡವಾಗಿ ಸಾಲುಗಳ ನಡುವೆ ಇದ್ದರೆ ನೀರೂ ಮೇಲ್ಮಣ್ಣೂ ತೋಟದಲ್ಲೇ ಉಳಿಯುತ್ತವೆ. ಅದೇ ಗುಂಡಿಯನ್ನು ಭಾಗಮಂಡಲ ಹೋಬಳಿಯ ಕಡಿದಾದ ಬಾಣೆಯಲ್ಲಿ (ಗದ್ದೆಯ ಮೇಲಿನ ಗುಡ್ಡದ ಜಾಗದಲ್ಲಿ), ಅದರಲ್ಲೂ ಮನೆಯ ಮೇಲ್ಗಡೆ ತೋಡಿದರೆ ಈಗಾಗಲೇ ತುಂಬಿದ ಗುಡ್ಡಕ್ಕೆ ಇನ್ನಷ್ಟು ನೀರು ಕುಡಿಸಿದಂತೆ. ಅಲ್ಲಿ ಬೇಕಾದದ್ದು ಚರಂಡಿ. ಗಿಡದ ಬುಡದಲ್ಲಿ ನೀರು ನಿಂತರೆ ಬೇರಿಗೆ ಉಸಿರಾಡಲು ಗಾಳಿಯಿಲ್ಲದೆ ಕಾಯಿ ಉದುರುತ್ತದೆ. ಇದಕ್ಕೂ ಮೊದಲ ಚಿಕಿತ್ಸೆ ಗುದ್ದಲಿ ಹಿಡಿದು ನೀರು ಬಿಡಿಸುವುದೇ, ಮಳೆ ಬಿಡುವು ಕೊಟ್ಟಾಗ ಸ್ವಲ್ಪ ಯೂರಿಯಾ ಕೊಡುವುದು ಆಮೇಲೆ.

ಮನೆಯೊಳಗಿನ ಮಳೆಗಾಲ ಬೇರೆಯೇ. ಬಟ್ಟೆ ಒಣಗದು, ಬೀರುವಿನಲ್ಲಿ ಚಪ್ಪಲಿ, ಬೆಲ್ಟು, ರೇಷ್ಮೆ ಸೀರೆಗೆಲ್ಲ ಬೂಷ್ಟು. ಹೊರಗೆ ಮಂಜು ಕವಿದಾಗ ‘ಗಾಳಿಯಾಡಲಿ’ ಎಂದು ಕಿಟಕಿ ತೆರೆಯುವವರಿದ್ದಾರೆ. ಆ ಗಾಳಿಯಲ್ಲಿ ನೀರು ತುಂಬಿಕೊಂಡೇ ಇರುತ್ತದೆ, ಒಳಗೆ ಬಂದು ತಣ್ಣನೆಯ ಗೋಡೆಗೆ ಕೂರುತ್ತದೆ. ಗಾಳಿಯನ್ನು ಬಿಸಿ ಮಾಡಿದರೆ ಅದು ಹೆಚ್ಚು ತೇವ ಹೊರಬಲ್ಲದು, ಬಟ್ಟೆಯಿಂದ ನೀರು ಹೀರಬಲ್ಲದು. ಒಲೆಯ ಮೇಲ್ಗಡೆ ಅಟ್ಟ ಕಟ್ಟಿ ಒಣಗಿಸುತ್ತಿದ್ದ ಪದ್ಧತಿ ಇದೇ ಲೆಕ್ಕದ್ದು. ಕಿಟಕಿ ತೆರೆಯುವುದಿದ್ದರೆ ಮಳೆ ನಿಂತು ಬೆಳಕಾದ ಮಧ್ಯಾಹ್ನ ತೆರೆಯಿರಿ. ಬೀರುವನ್ನು ಗೋಡೆಯಿಂದ ನಾಲ್ಕು ಇಂಚು ಈಚೆಗೆ ಸರಿಸಿಡಿ. ಅಕ್ಕಿ, ಉಪ್ಪು, ಕಾಫಿಪುಡಿ, ಬೆಂಕಿಪೊಟ್ಟಣ ಎಲ್ಲ ಗಾಳಿಯಾಡದ ಡಬ್ಬಿಗೆ ಹೋಗಬೇಕು.

ಒಂದು ಎಚ್ಚರಿಕೆಯನ್ನು ಒತ್ತಿ ಹೇಳುತ್ತೇನೆ. ಚಳಿಗೆಂದು, ಬಟ್ಟೆ ಒಣಗಲೆಂದು ಬಾಣಲೆಯಲ್ಲಿ ಇದ್ದಿಲ ಕೆಂಡ ಹಾಕಿ ಬಾಗಿಲು ಮುಚ್ಚಿದ ಕೋಣೆಯಲ್ಲಿ ಇಟ್ಟುಕೊಂಡು ಮಲಗಬೇಡಿ. ಕೆಂಡದಿಂದ ಬರುವ ಇಂಗಾಲದ ಮೊನಾಕ್ಸೈಡಿಗೆ ವಾಸನೆಯಿಲ್ಲ, ಹೊಗೆಯಿಲ್ಲ. ನಿದ್ದೆಯಲ್ಲೇ ಜೀವ ಹೋಗುತ್ತದೆ. ಕೆಂಡ ಇರುವ ಕೋಣೆಯಲ್ಲಿ ಎದುರುಬದುರು ಕಿಟಕಿ ತೆರೆದಿರಬೇಕು, ಮಲಗುವ ಮೊದಲು ಕೆಂಡ ಹೊರಗೆ ಹೋಗಬೇಕು.

ಬಾವಿ ನೀರು ಜುಲೈನಲ್ಲಿ ಕಟ್ಟೆಯ ಹತ್ತಿರಕ್ಕೆ ಏರುತ್ತದೆ, ಸುತ್ತಲ ಶೌಚಗುಂಡಿಯ ನೀರೂ ಅದರ ಜೊತೆ ಬೆರೆಯಬಹುದು. ಸಾವಿರ ಲೀಟರಿಗೆ 2.5 ಗ್ರಾಂ ಒಳ್ಳೆಯ ಬ್ಲೀಚಿಂಗ್ ಪೌಡರ್ ಎಂಬುದು ಲೆಕ್ಕ. ಐದು ಅಡಿ ಅಗಲದ ಬಾವಿಯಲ್ಲಿ ಹತ್ತು ಅಡಿ ನೀರಿದ್ದರೆ ಸುಮಾರು 5,500 ಲೀಟರ್, ಪುಡಿ 14 ಗ್ರಾಂ. ಬಕೆಟಿನಲ್ಲಿ ಕಲಸಿ, ಹತ್ತು ನಿಮಿಷ ಬಿಟ್ಟು, ಮೇಲಿನ ತಿಳಿಯನ್ನು ಮಾತ್ರ ಬಾವಿಗೆ ಬಿಡಿ. ಕೊಡವನ್ನು ನಾಲ್ಕಾರು ಸಲ ಇಳಿಸಿ ಎತ್ತಿದರೆ ಬೆರೆಯುತ್ತದೆ. ಒಂದು ಗಂಟೆ ಬಿಟ್ಟು ಸೇದಬಹುದು. ಹಳೆಯ ಪೊಟ್ಟಣ ತೇವ ಹಿಡಿದು ಸತ್ವ ಕಳೆದುಕೊಂಡಿರುತ್ತದೆ, ಮೂಗಿಗೆ ವಾಸನೆ ಬಡಿಯದಿದ್ದರೆ ಹೊಸದು ತನ್ನಿ. ಕುಡಿಯುವ ನೀರನ್ನು ಏನೇ ಆದರೂ ಕುದಿಸಿಯೇ ಕುಡಿಯಿರಿ. ಗದ್ದೆ ಕೆಲಸಕ್ಕೆ ಇಳಿದವರಿಗೆ ಜ್ವರ, ಮೀನಖಂಡದ ನೋವು, ಕಣ್ಣು ಕೆಂಪಾಗುವುದು ಒಟ್ಟಿಗೆ ಬಂದರೆ ಇಲಿಜ್ವರ ಇರಬಹುದು, ತಡಮಾಡದೆ ವೈದ್ಯರಿಗೆ ತೋರಿಸಬೇಕು. ಜಿಗಣೆಗೆ ಅಷ್ಟು ಹೆದರಬೇಕಿಲ್ಲ. ಕಿತ್ತೆಳೆಯುವ ಬದಲು ಬಾಯಿಯ ಪಕ್ಕಕ್ಕೆ ಉಗುರು ಸರಿಸಿ ಬಿಡಿಸಿ. ಅದರ ಜೊಲ್ಲು ರಕ್ತ ಹೆಪ್ಪುಗಟ್ಟದಂತೆ ಮಾಡುವುದರಿಂದ ಸ್ವಲ್ಪ ಹೊತ್ತು ರಕ್ತ ಸೋರುವುದು ಸಹಜ.

ಇಷ್ಟೆಲ್ಲದರ ನಡುವೆ ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ಕಕ್ಕಡ ಮಾಸದ ಊಟ ಕೊಡಗಿನ ದೊಡ್ಡ ಸಮಾಧಾನ. ಕಣಿಲೆಯನ್ನು (ಎಳೆ ಬಿದಿರನ್ನು) ತೆಳ್ಳಗೆ ಹೆಚ್ಚಿ ಎರಡು ಮೂರು ದಿನ ನೀರಲ್ಲಿಟ್ಟು, ದಿನಾ ನೀರು ಬದಲಿಸಿ, ಕೊನೆಗೆ ಬೇಯಿಸಿದ ನೀರನ್ನೂ ಚೆಲ್ಲಬೇಕು. ಹಸಿ ಕಣಿಲೆಯಲ್ಲಿ ಸಯನೈಡ್ ಬಿಡುವ ಅಂಶ ಇರುವುದರಿಂದ ಈ ಕ್ರಮದಲ್ಲಿ ಅವಸರ ಕೂಡದು. ಕೆಸುವಿನ ಎಲೆಯ ತುರಿಕೆಗೆ ಕಾರಣ ಅದರಲ್ಲಿರುವ ಸೂಜಿಯಂಥ ಹರಳುಗಳು, ಚೆನ್ನಾಗಿ ಬೇಯಿಸಿ ಹುಳಿ ಹಾಕಿದರೆ ತೊಂದರೆಯಿಲ್ಲ. ಆಗಸ್ಟ್ 3, ಕಕ್ಕಡ ಹದಿನೆಂಟರಂದು ಮದ್ದು ಸೊಪ್ಪು. ಸೊಪ್ಪು ಕುದಿಸಿದ ನೇರಳೆ ನೀರಿನಲ್ಲಿ ಅಕ್ಕಿ ಬೇಯಿಸಿ, ಬೆಲ್ಲ, ತೆಂಗಿನಹಾಲು ಸೇರಿಸಿ ಪಾಯಸ ಮಾಡುತ್ತಾರೆ. ಮೊದಲ ಸಲ ತಿಂದವರು ಮರುದಿನ ಮೂತ್ರ ಕೆಂಪಾದದ್ದು ಕಂಡು ಗಾಬರಿಯಾಗಬೇಡಿ, ಸೊಪ್ಪಿನ ಬಣ್ಣ ಅದು.

ಮತ್ತೆ ಆಶ್ಲೇಷಕ್ಕೆ ಬರೋಣ. ಭಾಗಮಂಡಲದಲ್ಲಿ ಕಾವೇರಿಯೂ ಕನ್ನಿಕೆಯೂ ಉಕ್ಕಿದಾಗ, ನಾಪೋಕ್ಲು ರಸ್ತೆಯ ಮೇಲೆ ನೀರು ಹತ್ತಿದಾಗ, ಊರುಗಳು ಒಂದೊಂದಾಗಿ ದ್ವೀಪಗಳಾಗುತ್ತವೆ. ಕರಡಿಗೋಡು, ಗುಹ್ಯ ಕಡೆ ಹೊಳೆದಂಡೆಯ ಮನೆಗಳಿಗೆ ನೀರು ಬರುತ್ತದೆ. ಕೂಡಿಗೆಯಲ್ಲಿ ಹಾರಂಗಿ ಬಂದು ಕಾವೇರಿ ಸೇರುವ ಕಡೆ ಎರಡೂ ತುಂಬಿದ್ದರೆ ನೀರು ಹಿಂದಕ್ಕೆ ಒತ್ತಿ ಕುಶಾಲನಗರದ ತಗ್ಗಿನ ಬಡಾವಣೆಗಳಿಗೆ ನುಗ್ಗುತ್ತದೆ. ಹಾರಂಗಿಯ ಪೂರ್ಣ ಮಟ್ಟ 2,859 ಅಡಿ, ಜಲಾಶಯ ಅದರ ಹತ್ತಿರ ಬಂದಾಗ ಆ ಬಡಾವಣೆಯವರು ಹೊರಹರಿವಿನ ಸುದ್ದಿಯನ್ನು ದಿನಕ್ಕೆರಡು ಸಲ ಕೇಳಬೇಕು. ರಸ್ತೆಯ ಮೇಲೆ ಹರಿಯುವ ನೀರು ಒಂದು ಅಡಿ ಇದ್ದರೆ ಸಣ್ಣ ಕಾರನ್ನು ತೇಲಿಸಲು ಸಾಕು. ಕೆಳಗೆ ರಸ್ತೆ ಉಳಿದಿದೆಯೋ ಇಲ್ಲವೋ ಕೂಡ ಕಾಣುವುದಿಲ್ಲ.

ಗುಡ್ಡ ಜಾರುವ ಮೊದಲು ಹೆಚ್ಚಿನ ಸಲ ಹೇಳಿಯೇ ಜಾರುತ್ತದೆ. ತೋಟದಲ್ಲಿ ಇಳಿಜಾರಿಗೆ ಅಡ್ಡವಾಗಿ ಬಿರುಕು, ಅಲ್ಲಾಡದೆ ನಿಂತಿದ್ದ ಮರ ವಾಲುವುದು, ನಿನ್ನೆಯವರೆಗೆ ಸರಿಯಾಗಿ ಮುಚ್ಚುತ್ತಿದ್ದ ಬಾಗಿಲು ಇಂದು ಬಿಗಿಯಾಗುವುದು, ಬರೆಯ ಬುಡದಲ್ಲಿ ಹೊಸ ಒರತೆ, ತಿಳಿಯಾಗಿದ್ದ ಒರತೆ ಕೆಂಪಾಗುವುದು. ಎಲ್ಲಕ್ಕಿಂತ ಕೆಟ್ಟದ್ದು, ಜೋರು ಮಳೆಯಲ್ಲೇ ತೋಡಿನ ನೀರು ದಿಢೀರನೆ ಕಡಿಮೆಯಾಗುವುದು. ಮೇಲೆಲ್ಲೋ ಮಣ್ಣು ಕುಸಿದು ನೀರನ್ನು ಕಟ್ಟಿಹಾಕಿರುತ್ತದೆ, ಆ ಕಟ್ಟು ಒಡೆಯುವುದಕ್ಕೆ ಹೆಚ್ಚು ಹೊತ್ತು ಬೇಡ. ಬಿರುಕು ಬೆಳೆಯುತ್ತಿದೆಯೇ ತಿಳಿಯಲು ಅದರ ಎರಡೂ ಬದಿಗೆ ಗೂಟ ಬಡಿದು ಬೆಳಿಗ್ಗೆ ಸಂಜೆ ಅಂತರ ಅಳೆಯಿರಿ. ಗೂಟಗಳು ದೂರವಾಗುತ್ತಿದ್ದರೆ ಅಂದೇ ಮನೆ ಬಿಡಬೇಕು. ಹಸು ನಾಯಿಗಳ ಹಗ್ಗ ಬಿಚ್ಚಿ, ಗ್ಯಾಸ್ ಮತ್ತು ಮೇನ್ ಸ್ವಿಚ್ ಆರಿಸಿ, ಪ್ಲಾಸ್ಟಿಕ್ ಚೀಲದಲ್ಲಿ ಮೊದಲೇ ಕಟ್ಟಿಟ್ಟ ಆಧಾರ್, ಪಹಣಿ, ಬ್ಯಾಂಕ್ ಪುಸ್ತಕ, ದಿನನಿತ್ಯದ ಮಾತ್ರೆ ಹಿಡಿದು ಹೊರಡಿ. ಜಿಲ್ಲಾ ನಿಯಂತ್ರಣ ಕೊಠಡಿಗೆ 1077, ತುರ್ತಿಗೆ 112, ತಂತಿ ಬಿದ್ದಿದ್ದರೆ 1912. ತೋಡಿನ ಗುಂಟ ಕೆಳಗೆ ಓಡಬೇಡಿ, ಮಣ್ಣು ಬರುವುದೂ ಅದೇ ದಾರಿಯಲ್ಲಿ. ಪಕ್ಕದ ಏರಿನ ಕಡೆಗೆ ಸರಿಯಿರಿ. ಕಾಳಜಿ ಕೇಂದ್ರದಲ್ಲಿ ಎರಡು ರಾತ್ರಿ ಕಳೆದು, ಏನೂ ಆಗದೆ ಮನೆಗೆ ಮರಳಿದರೆ ಅದರಲ್ಲಿ ಯಾವ ಅವಮಾನವೂ ಇಲ್ಲ. ‘ಕಳೆದ ವರ್ಷವೂ ಸುಮ್ಮನೆ ಓಡಿಸಿದರು’ ಎಂದು ಕೂತುಬಿಡುವ ಹಿರಿಯರನ್ನು ಕೈಹಿಡಿದು ಕರೆದೊಯ್ಯುವುದು ಮನೆಯ ಕಿರಿಯರ ಕೆಲಸ.

ಸೆಪ್ಟೆಂಬರ್ ಮೂರರ ಕೈಲ್ ಮುಹೂರ್ತದ (ಕೊಡವರ ಆಯುಧಪೂಜೆ ಹಬ್ಬದ) ಹೊತ್ತಿಗೆ ಮಳೆ ಇಳಿಯುತ್ತದೆ. ಹಾಸಿಗೆ ಬಿಸಿಲಿಗೆ ಹಾಕಬೇಕು, ಎರಡನೇ ಬೋರ್ಡೋಗೆ ಬಿಡುವು ನೋಡಬೇಕು. ಅದರ ಜೊತೆಗೆ ಹೆಚ್ಚಿನವರು ಮರೆಯುವ ಒಂದು ಕೆಲಸ ಇದೆ. ಹುಲ್ಲು ಬೆಳೆದು ಮುಚ್ಚುವ ಮೊದಲು ಒಂದು ಡಬ್ಬಿ ಸುಣ್ಣ ಹಿಡಿದು ಇಡೀ ಜಾಗ ಸುತ್ತಬೇಕು. ನೀರು ಎಲ್ಲಿ ಚರಂಡಿ ಬಿಟ್ಟು ಹೊರಬಿದ್ದಿದೆ, ಎಲ್ಲಿ ಮಣ್ಣು ತೊಳೆದು ಬೇರು ಕಾಣುತ್ತಿದೆ, ಯಾವ ಮೋರಿಯ ಬಾಯಲ್ಲಿ ಕಸ ಕಟ್ಟಿ ನೀರು ಪಕ್ಕಕ್ಕೆ ಹಾರಿದೆ ಎಂಬುದೆಲ್ಲ ಆಗ ಸ್ಪಷ್ಟವಾಗಿ ಕಾಣುತ್ತದೆ. ಹತ್ತಿರದ ಮರಕ್ಕೆ, ಕಲ್ಲಿಗೆ ಸುಣ್ಣದ ಗೆರೆ ಎಳೆದು, ಮಳೆಪುಸ್ತಕದ ಹಿಂದಿನ ಹಾಳೆಯಲ್ಲಿ ಜಾಗದ ನಕ್ಷೆ ಬರೆದಿಟ್ಟರೆ ಫೆಬ್ರವರಿಯಲ್ಲಿ ಕೆಲಸದವರು ಬಂದಾಗ ಗುದ್ದಲಿ ಎಲ್ಲಿ ಹಾಕಬೇಕೆಂದು ಯಾರನ್ನೂ ಕೇಳಬೇಕಾಗುವುದಿಲ್ಲ.